ಟಬ್ಬಿನ ಅಡಿಯ ಗುಂಡಿ: ಮುಚ್ಚಬೇಕಾ, ಹಾಗೇ ಬಿಡಬೇಕಾ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಗುಡ್ಡದ ಬುಡದಲ್ಲಿದೆ. ಕಟ್ಟಿಸಿ ಮೂರು ವರ್ಷ ಆಯಿತು. ಮಗ, ಸೊಸೆ ಹೊರದೇಶದಲ್ಲಿದ್ದಾರೆ. ಮೊಮ್ಮಕ್ಕಳು ಬಂದಾಗ ಆಡಲಿ ಅಂತ ಕೆಳಗಿನ ಬಾತ್‌ರೂಮಿಗೆ ಟಬ್ಬು ಹಾಕಿಸಿದೆವು. ಟಬ್ಬಿನ ನೀರು ಇಳಿಯುವ ಕಡೆ ಮೇಸ್ತ್ರಿ ನೆಲದ ಕಾಂಕ್ರೀಟಿನಲ್ಲಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಜಾಗ ಬಿಟ್ಟಿದ್ದರು. ಟಬ್ಬಿನ ಪಕ್ಕದ ಸಣ್ಣ ಬಾಗಿಲು ತೆಗೆದರೆ ಇವತ್ತಿಗೂ ಅಲ್ಲಿ ಮಣ್ಣು ಕಾಣುತ್ತದೆ. ಈ ಮಳೆಗಾಲದಲ್ಲಿ ಅದರೊಳಗೆ ನೀರು ನಿಂತಿದೆ. ವಾಸನೆ ಬೇರೆ. ಬಾಗಿಲ ಚೌಕಟ್ಟಿನ ಬುಡದಲ್ಲಿ ಗೆದ್ದಲೂ ಕಂಡಿತು. ಮೇಸ್ತ್ರಿ ‘ಪೂರ್ತಿ ಕಾಂಕ್ರೀಟ್ ತುಂಬಿ ಬಿಗಿ ಮಾಡೋಣ’ ಅನ್ನುತ್ತಾರೆ. ಪ್ಲಂಬರ್ ‘ಮುಟ್ಟಬೇಡಿ, ನಾಳೆ ರಿಪೇರಿಗೆ ಬೇಕು’ ಅನ್ನುತ್ತಾರೆ. ಯಾರ ಮಾತು ಕೇಳೋದು?

ಉತ್ತರ: ಸದ್ಯಕ್ಕೆ ಪ್ಲಂಬರ್ ಮಾತು ಕೇಳಿ, ಮಳೆಗಾಲ ಮುಗಿಯೋ ತನಕ. ಆಮೇಲೆ ಗುಂಡಿ ಮುಚ್ಚಲೇಬೇಕು. ಆದರೆ ಮೇಸ್ತ್ರಿ ಹೇಳುವ ಹಾಗಲ್ಲ. ಬೇಕಾದಾಗ ಅರ್ಧ ಗಂಟೆಯಲ್ಲಿ ಒಡೆದು ತೆಗೆಯುವ ಹಾಗೆ ಮುಚ್ಚಬೇಕು.

ಮೇಸ್ತ್ರಿ ಈ ಜಾಗ ಬಿಟ್ಟಿದ್ದರಲ್ಲಿ ತಪ್ಪೇನಿಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕುವ ಹೊತ್ತಿಗೆ ಟಬ್ಬು ಇನ್ನೂ ಅಂಗಡಿಯಲ್ಲೇ ಇರುತ್ತದೆ. ಅದರ ತೂತು ಎಲ್ಲಿ ಬರುತ್ತದೆ ಅಂತ ಇಂಚಿನ ಲೆಕ್ಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಟ್ರಾಪು, ಅಂದರೆ ಒಳಗೆ ಸ್ವಲ್ಪ ನೀರು ನಿಲ್ಲಿಸಿಕೊಂಡು ಚರಂಡಿ ವಾಸನೆ ತಡೆಯುವ ಬಾಗಿದ ಪೈಪು, ನೆಲದ ಮಟ್ಟದಿಂದ ಕೆಳಗೆ ಕೂರಬೇಕು. ಅದಕ್ಕೇ ಪೈಪನ್ನು ಆಚೀಚೆ ಸರಿಸಲು ಒಂದಿಷ್ಟು ಜಾಗ ಬಿಡುತ್ತಾರೆ. ಅಮೆರಿಕದಲ್ಲಿ ನೆಲಕ್ಕೇ ಕಾಂಕ್ರೀಟ್ ಹಾಸಿ ಅದರ ಮೇಲೆ ಮರದ ಮನೆ ಕಟ್ಟುವ ಕಡೆಗಳಲ್ಲೂ ಹೀಗೇ ಬಿಡುತ್ತಾರೆ. ಅಲ್ಲಿ ಈ ಗುಂಡಿಗೆ ‘ಬಾತ್ ಟ್ರಾಪ್’ ಅಂತಲೇ ಹೆಸರು. ಗೆದ್ದಲು ಪರೀಕ್ಷೆಗೆ ಬಂದವರು ತಪ್ಪದೆ ಟಾರ್ಚು ಹಾಕಿ ನೋಡುವ ಜಾಗ ಅದು. ಎಷ್ಟೋ ಕಡೆ ಅದರ ಮೇಲೆ ಟಾರು ಸುರಿದು ಮುಚ್ಚುತ್ತಾರೆ. ನೆಲದಡಿಯಿಂದ ಏಳುವ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಒಳಗೆ ಬರಬಾರದು ಅಂತಲೂ ಇಂಥ ಸಂದುಗಳನ್ನು ಸೀಲ್ ಮಾಡುತ್ತಾರೆ. ನಮ್ಮಲ್ಲಿ ಟಬ್ಬು ಬಂತು, ಗುಂಡಿಯೂ ಬಂತು. ಮುಚ್ಚುವ ಪದ್ಧತಿ ಮಾತ್ರ ಇನ್ನೂ ಬರಲಿಲ್ಲ. ಬಚ್ಚಲಿಗೆ ಕಲ್ಲು ಹಾಸಿ ಇಳಿಜಾರು ಕೊಟ್ಟರೆ ಮುಗಿಯಿತು ಅಂತ ಬೆಳೆದವರು ನಾವು, ಅಲ್ವಾ?

ಪೂರ್ತಿ ಕಾಂಕ್ರೀಟ್ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಆ ಕೆಲಸವನ್ನು ಒಮ್ಮೆ ನಾನೇ ಮಾಡಿಸಿ ಪೆಟ್ಟು ತಿಂದಿದ್ದೇನೆ. ಹೊಸದಾಗಿ ಕೆಲಸಕ್ಕಿಳಿದಿದ್ದ ಕಾಲ. ಸಾಗರದ ಕಡೆಯ ಒಂದು ಮನೆಯಲ್ಲಿ ಟ್ರಾಪಿನ ಸುತ್ತ ಕುತ್ತಿಗೆವರೆಗೂ ಕಾಂಕ್ರೀಟ್ ತುಂಬಿಸಿ, ಮೇಲೆ ಟೈಲ್ಸ್ ಹಾಕಿಸಿ, ‘ಇನ್ನು ಇರುವೆ ಕೂಡ ಬರಲ್ಲ’ ಅಂದಿದ್ದೆ. ಎರಡನೇ ಮಳೆಗಾಲಕ್ಕೆ ಪಕ್ಕದ ರೂಮಿನ ಗೋಡೆ ಒದ್ದೆ. ಕೊನೆಗೆ ಟಬ್ಬು ಎತ್ತಿ, ಡ್ರಿಲ್ಲಿಂಗ್ ಮೆಷಿನ್ ಹಿಡಿದು ಎರಡು ದಿನ ಒಡೆದೆವು. ಟ್ರಾಪು ಸೇರುವ ಕಡೆ ಪೈಪಿನ ಜಾಯಿಂಟು ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಮನೆಯವರು ಒಂದು ಮಾತೂ ಆಡದೆ ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬಿರುಕು ಬಿಟ್ಟಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಸಪಾಟು ಜಾಗ ಎಲ್ಲಿದೆ? ಗುಡ್ಡದ ಒಂದು ಬದಿ ತರಿದು, ಅದೇ ಮಣ್ಣನ್ನು ಇನ್ನೊಂದು ಬದಿಗೆ ತುಂಬಿ ಸೈಟು ಮಾಡುತ್ತೇವೆ. ತರಿದ ಬದಿಯಲ್ಲಿ ಗಟ್ಟಿ ಜಂಬಿಟ್ಟಿಗೆ, ತುಂಬಿದ ಬದಿಯಲ್ಲಿ ಸಡಿಲ ಮಣ್ಣು. ಎಷ್ಟೇ ನೀರು ಬಿಟ್ಟು ದಮ್ಮಸು ಹೊಡೆದರೂ ತುಂಬಿದ ಮಣ್ಣು ಎರಡು ಮೂರು ಮಳೆಗಾಲ ಕೂರುತ್ತಲೇ ಇರುತ್ತದೆ. ಮಣ್ಣಿನೊಳಗಿನ ಪೈಪು ಅದರ ಜೊತೆ ಕೆಳಗಿಳಿಯಲು ನೋಡುತ್ತದೆ. ಟ್ರಾಪನ್ನು ಮೇಲೆ ಕಾಂಕ್ರೀಟ್ ಹಿಡಿದುಕೊಂಡಿರುತ್ತದೆ. ಇಬ್ಬರ ಜಗ್ಗಾಟದಲ್ಲಿ ಹೋಗೋದು ಜಾಯಿಂಟು. ಇದರ ಜೊತೆಗೆ ಬಿಸಿನೀರು. ಸಾಮಾನ್ಯ ಪಿವಿಸಿ ಪೈಪು 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ಮೈಗೆ ಹಾಕಿಕೊಳ್ಳುವ ನೀರು ಅಷ್ಟು ಬಿಸಿ ಇರೋದಿಲ್ಲ, ಸರಿ. ಆದರೆ ಹಂಡೆಯಲ್ಲಿ ಉಳಿದ ಕುದಿನೀರನ್ನು ‘ಟಬ್ಬು ತೊಳೆದ ಹಾಗೂ ಆಯಿತು’ ಅಂತ ಸುರಿಯುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಈಗ ನಿಮ್ಮ ಗುಂಡಿಗೆ ಬರೋಣ. ಮೊದಲು ತಿಳಿಯಬೇಕಾದದ್ದು, ಒಳಗೆ ನಿಂತಿರುವ ನೀರು ಯಾರದ್ದು? ನೆಲದ್ದಾ, ಟಬ್ಬಿನದ್ದಾ? ಇದನ್ನು ನೋಡದೆ ಮುಚ್ಚಿದರೆ ಎಷ್ಟು ಖರ್ಚು ಮಾಡಿದರೂ ದಂಡ.

ಬಟ್ಟೆಗೆ ಹಾಕುವ ನೀಲಿ ಮನೆಯಲ್ಲಿದ್ದರೆ ಸಾಕು. ಗುಂಡಿಯ ನೀರನ್ನು ಮಗ್ಗಿನಲ್ಲಿ ಎತ್ತಿ, ಹಳೇ ಬಟ್ಟೆಯಿಂದ ಒರೆಸಿ. ಟಬ್ಬಿಗೆ ಬಿರಡೆ ಹಾಕಿ, ಮುಕ್ಕಾಲು ನೀರು ತುಂಬಿ, ನೀಲಿ ಕಲಸಿ ಒಂದು ಗಂಟೆ ಬಿಡಿ. ಟಾರ್ಚು ಹಾಕಿ ನೋಡಿ. ಆಗಲೇ ನೀಲಿ ಹನಿ ಕಂಡರೆ ಟಬ್ಬಿನ ತಳದ ವಾಷರ್ ಹೋಗಿದೆ. ಕಾಣದಿದ್ದರೆ ಬಿರಡೆ ತೆಗೆದು ನೀರು ಓಡುವಾಗ ನೋಡಿ. ಆಗ ಕಂಡರೆ ಟ್ರಾಪೋ ಜಾಯಿಂಟೋ ಸೋರುತ್ತಿದೆ. ಆಗಲೂ ಇಲ್ಲವಾದರೆ ಟಬ್ಬಿನ ಮೇಲಂಚಿಗೂ ಗೋಡೆಗೂ ನಡುವಿನ ಸಂದಿಗೆ ಒಂದು ಚೊಂಬು ನೀಲಿ ನೀರು ಮೆಲ್ಲಗೆ ಸುರಿಯಿರಿ. ಬಹಳ ಮನೆಗಳಲ್ಲಿ ಸಿಕ್ಕಿಬೀಳುವ ಕಳ್ಳ ಇದೇ. ಮಕ್ಕಳು ಎರಚಾಡಿದ ನೀರು ಟಬ್ಬಿನ ಹಿಂದೆ ಇಳಿದು ಗುಂಡಿ ಸೇರುತ್ತದೆ. ಆ ಸಂದಿಗೆ ಹಾಕಿದ ಬಿಳಿ ಸಿಮೆಂಟು ಕಿತ್ತು ಸಿಲಿಕಾನ್ ಹಾಕಿದರೆ ಅರ್ಧ ದಿನದ ಕೆಲಸ.

ಮೂರರಲ್ಲೂ ನೀಲಿ ಕಾಣದೆ, ಟಬ್ಬು ಮುಟ್ಟದೇ ಇದ್ದರೂ ನೀರು ಮತ್ತೆ ಬಂದರೆ ಅದು ನೆಲದ ನೀರು. ನೀವು ಬರೆದಿದ್ದು ನೋಡಿದರೆ, ಗುಡ್ಡದ ಬುಡ ಬೇರೆ, ನನಗೆ ಇದೇ ಅನುಮಾನ ಜಾಸ್ತಿ. ನಿಮ್ಮಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಗೆ ಬರುವುದು ಅದರ ಕಾಲು ಭಾಗಕ್ಕಿಂತ ಕಡಿಮೆ. ಪೇಟೆಯ ಮೇಸ್ತ್ರಿಗೆ ಈ ತೊಂದರೆ ಅಷ್ಟಾಗಿ ಗೊತ್ತಿರದಿದ್ದರೆ ಆಶ್ಚರ್ಯವಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಇಡೀ ಗುಡ್ಡ ನೀರು ಕುಡಿದು ಕೂತಿರುತ್ತದೆ. ಧರೆಯಿಂದ, ಅಂದರೆ ಗುಡ್ಡ ತರಿದ ಕಡೆ ನಿಂತ ಮಣ್ಣಿನ ಗೋಡೆಯಿಂದ, ಜಲ ಏಳುತ್ತದೆ. ನಿಮ್ಮ ಮನೆ ಪಾಯದೊಳಗೆ ತುಂಬಿದ ಮಣ್ಣು ಅದಕ್ಕೆ ಒಂದು ತೊಟ್ಟಿ ಇದ್ದ ಹಾಗೆ. ಗುಂಡಿ ಆ ತೊಟ್ಟಿಯ ಬಾಯಿ.

ಈ ನೀರನ್ನು ಸಿಮೆಂಟಿನಿಂದ ತಡೆಯುತ್ತೇವೆ ಅನ್ನುವುದು ಹುಡುಗಾಟ. ಸಣ್ಣ ಲೆಕ್ಕ ನೋಡಿ. ಗುಂಡಿಯ ಮುಚ್ಚಳದ ತಳಕ್ಕಿಂತ ಒಂದಡಿ ಎತ್ತರಕ್ಕೆ ಸುತ್ತಲಿನ ನೀರಿನ ಮಟ್ಟ ಏರಿದರೆ, ಒಂದೂವರೆ ಅಡಿಗೆ ಒಂದಡಿ ಅಳತೆಯ ಆ ಮುಚ್ಚಳವನ್ನು ನೀರು ಕೆಳಗಿನಿಂದ ಸುಮಾರು 40 ಕೆಜಿ ಬಲದಲ್ಲಿ ನೂಕುತ್ತದೆ. ಮುಚ್ಚಳ ಏಳದಿರಬಹುದು. ಆದರೆ ಅಂಚಿನ ಕೂದಲು ಸಂದಿಯಲ್ಲಿ ನೀರು ಹಾದಿ ಮಾಡಿಕೊಳ್ಳುತ್ತದೆ. ಅದನ್ನೂ ಬಿಗಿ ಮಾಡಿದಿರೋ, ಗೋಡೆ ಹತ್ತುತ್ತದೆ.

ಹಾಗಾಗಿ ಮದ್ದು ಮನೆಯ ಹೊರಗಿದೆ. ಧರೆಗೂ ಮನೆಗೂ ನಡುವೆ, ಮೇಲ್ಬದಿಯ ಉದ್ದಕ್ಕೂ ಒಂದು ಕಾಲುವೆ ತೆಗೆಸಿ. ಮನೆಯೊಳಗಿನ ನೆಲದ ಕಾಂಕ್ರೀಟಿನ ತಳಕ್ಕಿಂತ ಅದು ಕನಿಷ್ಠ ಒಂದಡಿ ಆಳಕ್ಕಿರಲಿ. ಆದರೆ ಪಾಯದ ಕಲ್ಲಿನ ಬುಡಕ್ಕೆ ಅಂಟಿಕೊಂಡು, ಅದಕ್ಕಿಂತ ಕೆಳಗೆ ಅಗೆಯಬೇಡಿ. ಮೂರ್ನಾಲ್ಕು ಅಡಿ ದೂರ ಬಿಡಿ. ತಳಕ್ಕೆ ತೂತು ಮಾಡಿದ 4 ಇಂಚಿನ ಪೈಪು, ಸುತ್ತ 40 ಮಿಲಿಮೀಟರ್ ಜಲ್ಲಿ, ಮಣ್ಣು ನುಗ್ಗದ ಹಾಗೆ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಪೈಪಿನ ಬಾಯಿ ತೋಟದ ಕಡೆ ತೆರೆದಿರಲಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ನಾವು ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆ! ಮನೆ ಬುಡಕ್ಕೆ ಮಾತ್ರ ಆ ಉಪಚಾರ ಇಲ್ಲ.

ಇನ್ನು ಗೆದ್ದಲು. ತೀರ್ಥಹಳ್ಳಿ ಸೀಮೆಯಲ್ಲೇ ಒಂದು ಮನೆಗೆ ಹೋಗಿದ್ದೆ. ಹಲಸಿನ ಮರದ ಚೌಕಟ್ಟು ಬುಡದಲ್ಲಿ ಟೊಳ್ಳಾಗಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಎಲ್ಲಿಂದ ಬಂತು ಅಂತ ಅವರು ಹೊರಗೋಡೆಯ ಸುತ್ತ ಹುಡುಕಿ ಸುಸ್ತಾಗಿದ್ದರು. ನಾನು ಟಬ್ಬಿನ ಪಕ್ಕದ ಬಾಗಿಲು ತೆಗೆದು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಟಾರ್ಚು ಬಿಟ್ಟೆ. ಬಿಳಿ ಪೈಪಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ, ಯಾರೋ ಕೈಯಲ್ಲಿ ಅಂಟಿಸಿದ ಹಾಗೆ, ಗುಂಡಿಯಿಂದ ಎದ್ದು ಗೋಡೆ ಮುಟ್ಟಿತ್ತು. ಒಂದಂಗುಲ ಮುರಿದೆ. ಒಳಗೆ ಬಿಳಿ ಹುಳುಗಳು ಗಾಬರಿಯಾಗಿ ಓಡಿದವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮುರಿದ ಜಾಗ ಅರ್ಧ ಮುಚ್ಚಿತ್ತು. ಹಸಿ ಮಣ್ಣು. ಹಾಗೆ ಮತ್ತೆ ಕಟ್ಟಿದರೆ ಗೆದ್ದಲು ಜೀವಂತ ಇದೆ ಅಂತ ಅರ್ಥ. ನೀವೂ ಇದೇ ಪರೀಕ್ಷೆ ಮಾಡಿ.

ಆ ಗುಂಡಿಯಲ್ಲಿ ಕೈ ಹಾಕಿದಾಗ ಸಿಕ್ಕಿದ್ದೇನು ಗೊತ್ತಾ? ಎರಡು ತುಂಡು ಸೆಂಟ್ರಿಂಗ್ ಹಲಗೆ, ಒಂದು ಖಾಲಿ ಸಿಮೆಂಟ್ ಚೀಲ. ಕಾಂಕ್ರೀಟ್ ಹಾಕುವಾಗ ಜಾಗ ಬಿಡಲು ಹಲಗೆ ನಿಲ್ಲಿಸಿದ್ದರು, ತೆಗೆಯಲೇ ಇಲ್ಲ. ಒದ್ದೆ ಮಣ್ಣು, ಕತ್ತಲೆ, ಒಳಗೇ ಮರ. ಗೆದ್ದಲಿಗೆ ಇನ್ನೇನು ಬೇಕು? ನಿಮ್ಮ ಗುಂಡಿಯನ್ನೂ ಕೆದಕಿ, ಮರದ ಚೂರು, ಚೀಲ, ಥರ್ಮಾಕೋಲ್ ಏನಿದ್ದರೂ ತೆಗೆಸಿ. ಕೈಗೆ ದಪ್ಪ ಗ್ಲೌಸು ಹಾಕಿಕೊಳ್ಳಲಿ. ಚೇಳು ಇರುವ ಜಾಗ ಇದು.

ಮದ್ದು ಹೊಡೆಸುವುದು ನೆಲ ಒಣಗಿದ ಮೇಲೆ, ಲೈಸೆನ್ಸ್ ಇರುವವರಿಂದ. ಕಟ್ಟಿದ ಮನೆಗೆ ಗೆದ್ದಲು ಮದ್ದು ಹೇಗೆ ಕೊಡಬೇಕು ಅಂತ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗದಲ್ಲಿ ಬರೆದಿದೆ. ಗೋಡೆ ನೆಲ ಸೇರುವ ಗುಂಟ ಸುಮಾರು ಅಡಿಗೊಂದು ತೂತು ಕೊರೆದು ಮದ್ದು ಇಳಿಸುತ್ತಾರೆ. ಬಾತ್‌ರೂಮಿನೊಳಗೆ ಮಾತ್ರ ಕೊರೆಯಲು ಬಿಡಬೇಡಿ. ವಾಟರ್‌ಪ್ರೂಫಿಂಗ್ ಹರಿಯುತ್ತದೆ, ಪೈಪಿಗೂ ತಗುಲಬಹುದು. ಅಲ್ಲಿಗೆ ನಿಮ್ಮ ಗುಂಡಿಯೇ ದಾರಿ. ಮದ್ದು ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ ಗೆದ್ದಲುನಾಶಕ ಆದರೆ ಲೀಟರ್ ನೀರಿಗೆ ಸುಮಾರು 2 ಮಿಲಿ. ಇಷ್ಟು ಸಣ್ಣ ಜಾಗದ ಮಣ್ಣಿಗೆ ಒಂದು ಲೀಟರ್ ಕಲಸಿದ ಮದ್ದು ಸಾಕು. ‘ಇರಲಿ ಸಾರ್’ ಅಂತ ಬಕೆಟ್‌ಗಟ್ಟಲೆ ಸುರಿಯುವವರಿದ್ದಾರೆ. ಬಾವಿ ಹತ್ತಿರ ಇದ್ದರೆ ಅದನ್ನು ಮೊದಲೇ ಅವರಿಗೆ ತೋರಿಸಿ. ಈಗ ನೀರು ನಿಂತಿರುವಾಗಂತೂ ಒಂದು ಹನಿಯೂ ಬೇಡ. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ಮುಚ್ಚುವ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಪ್ಲಂಬರನ್ನೂ ಮೇಸ್ತ್ರಿಯನ್ನೂ ಒಂದೇ ದಿನ ಕರೆಸಿ. ಬೇರೆ ಬೇರೆ ದಿನ ಬಂದರೆ ಒಬ್ಬರ ತಪ್ಪು ಇನ್ನೊಬ್ಬರ ಮೇಲೆ.

ಮೊದಲು ಪ್ಲಂಬರ್ ಟ್ರಾಪು ನೋಡಲಿ. ಅದರೊಳಗೆ ಕನಿಷ್ಠ 50 ಮಿಲಿಮೀಟರ್ ನೀರು ನಿಂತಿರಬೇಕು, ಚರಂಡಿ ವಾಸನೆ ತಡೆಯುವುದು ಆ ನೀರೇ. ಅಲ್ಲಿಂದ ಹೊರಗೆ ಹೋಗುವ ಪೈಪಿಗೆ ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಇಳಿಜಾರು ಸಾಕು. ಪೈಪು ಎಲ್ಲೂ ಕಲ್ಲಿನ ಮೂತಿಯ ಮೇಲೆ ಕೂರದೆ ಮರಳಿನ ಮೇಲೆ ಕೂರಲಿ.

ಆಮೇಲೆ ಗುಂಡಿಯ ತಳವನ್ನು ಸಮ ಮಾಡಿ ಎಂ-ಸ್ಯಾಂಡ್ ಹಾಕಿ, ನೀರು ಚಿಮುಕಿಸಿ, ಕೈ ದಮ್ಮಸಿನಿಂದ ಕೂರಿಸಬೇಕು. ಕಾಂಕ್ರೀಟಿನ ಮೇಲ್ಮೈಯಿಂದ ಎರಡು ಇಂಚು ಕೆಳಗಿನವರೆಗೆ ಮರಳೇ ಇರಲಿ. ಟ್ರಾಪನ್ನು ಹಿಡಿದಿರಬೇಕಾದದ್ದು ಮರಳು, ಕಾಂಕ್ರೀಟ್ ಅಲ್ಲ. ಮರಳಿನ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು, 250 ಮೈಕ್ರಾನಿನದು, ಅಂಚಿಗೆ ಮೇಲಕ್ಕೆ ಮಡಚಿ. ಮೇಲೇಳುವ ಪೈಪಿಗೆ ಅರ್ಧ ಇಂಚು ದಪ್ಪ ಫೋಮ್ ಸುತ್ತಿ ಟೇಪು ಹಚ್ಚಿ. ಆ ಎರಡು ಇಂಚಿಗೆ ಬೇಬಿ ಜಲ್ಲಿ ಹಾಕಿದ ಕಾಂಕ್ರೀಟ್. ಸರಳು ಬೇಡವೇ ಬೇಡ. ಒಡೆಯುವವರ ಶಾಪ ತಟ್ಟುತ್ತದೆ. ಲೆಕ್ಕ ಹಾಕಿದರೆ ಏಳು ಲೀಟರ್ ಆಗುತ್ತದೆ, ಒಂದು ಬಾಂಡ್ಲಿಯೂ ಪೂರ್ತಿ ಬೇಡ. ಇಷ್ಟಕ್ಕೆ ಮೇಸ್ತ್ರಿ ಅರ್ಧ ಲೋಡು ಜಲ್ಲಿ ತರಿಸಿದರೆ ಕೇಳಿ.

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಹಳೇ ನೆಲಕ್ಕೂ ಹೊಸದಕ್ಕೂ ನಡುವೆ ಗೆರೆ ಬಿದ್ದೇ ಬೀಳುತ್ತದೆ. ಗೆದ್ದಲಿಗೆ ಒಂದು ಮಿಲಿಮೀಟರ್ ಸಂದು ಸಾಕು. ಅದಕ್ಕೇ ಸುತ್ತ ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಕಚ್ಚು ಬಿಡಿಸಿ. ವಾರ ದಿನ ನೀರು ಹಾಕಿ ಕ್ಯೂರಿಂಗ್ ಮಾಡಿ, ಮತ್ತೊಂದು ವಾರ ಒಣಗಲು ಬಿಟ್ಟು, ಆ ಕಚ್ಚಿಗೆ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ. ಪೈಪಿನ ಸುತ್ತಲಿನ ಫೋಮನ್ನೂ ಮೇಲಿಂದ ಅರ್ಧ ಇಂಚು ಕಿತ್ತು ಅಲ್ಲೂ ಇದನ್ನೇ ತುಂಬಿಸಿ. ಇದು ಗಟ್ಟಿಯಾದರೂ ರಬ್ಬರಿನ ಹಾಗೆ ಎಳೆದಾಡುತ್ತದೆ, ಪೈಪು ಸ್ವಲ್ಪ ಅಲುಗಿದರೂ ಬಿಡುವುದಿಲ್ಲ. ಡಬ್ಬಿಯಿಂದ ಉಬ್ಬಿ ಬರುವ ಸ್ಪ್ರೇ ಫೋಮ್ ಇದೆಯಲ್ಲ, ಈಗ ಎಲ್ಲ ಪ್ಲಂಬರ್‌ಗಳ ಚೀಲದಲ್ಲೂ ಇರುತ್ತದೆ, ಅದರಿಂದಲೇ ಗುಂಡಿ ತುಂಬಿ ‘ಆಯಿತು’ ಅಂದರೆ ಒಪ್ಪಬೇಡಿ. ಗೆದ್ದಲು ಅದನ್ನು ಕೊರೆದು ಸುರಂಗ ಮಾಡುತ್ತದೆ. ಇರುವೆಯೂ ಗೂಡು ಕಟ್ಟುತ್ತದೆ.

ಎಲ್ಲ ಆದ ಮೇಲೆ ಟಬ್ಬಿನ ಅಡಿಯ ನೆಲಕ್ಕೂ ಗೋಡೆಗೆ ಒಂದಡಿ ಎತ್ತರದವರೆಗೂ ಎರಡು ಕೋಟು ವಾಟರ್‌ಪ್ರೂಫ್ ಲೇಪ ಹೊಡೆಸಿ. ಕೈಗೆಟುಕುವಷ್ಟು ಜಾಗಕ್ಕಾದರೂ. ಮಹಡಿ ಮೇಲೆ ಟಬ್ಬು ಹಾಕಿಸುವ ಯೋಚನೆ ಯಾರಿಗಾದರೂ ಇದ್ದರೆ ಈ ಯಾವ ಮಾತೂ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಸ್ಲ್ಯಾಬಿನ ಸರಳು ಕತ್ತರಿಸಿದರೆ ಮನೆಯ ಬಲಕ್ಕೇ ಪೆಟ್ಟು. ಎಂಜಿನಿಯರನ್ನು ಕೇಳದೆ ಒಂದು ತೂತೂ ಬೇಡ.

ಈಗ, ಈ ಮಳೆಗಾಲಕ್ಕೆ ಏನು? ಗುಂಡಿಯ ನೀರು ದಿನಾ ಎತ್ತಿ ಹಾಕಿ. ಅದರ ಬಾಯಿಗಿಂತ ಎರಡು ಇಂಚು ದೊಡ್ಡದಾದ ತಗಡಿನ ತುಂಡಿಗೆ ಪೈಪಿನ ಅಳತೆಗೆ ಕಚ್ಚು ಕತ್ತರಿಸಿ ಮುಚ್ಚಿ, ಮೇಲೊಂದು ಇಟ್ಟಿಗೆ ಇಡಿ. ಇಲಿ, ಜಿರಳೆಯಾದರೂ ತಪ್ಪುತ್ತವೆ. ಗೆದ್ದಲಿನ ಮಣ್ಣಿನ ಗೆರೆ ಕಂಡಾಗಲೆಲ್ಲ ಕೆರೆದು ಹಾಕಿ, ಚೌಕಟ್ಟನ್ನು ಬಡಗಿಯವರಿಗೆ ತೋರಿಸಿ.

ವಾಸನೆ ಬಗ್ಗೆ ಒಂದು ಮಾತು. ಹಸಿ ಮಣ್ಣಿನ ವಾಸನೆಯಾದರೆ ಗುಂಡಿಯದ್ದು. ಕೊಳೆತ ಮೊಟ್ಟೆಯ ಹಾಗಿದ್ದರೆ ಟ್ರಾಪಿನದ್ದು. ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ಟಬ್ಬಿನ ಟ್ರಾಪು ಒಣಗಿ, ಚರಂಡಿಯ ಗಾಳಿ ನೇರ ಒಳಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಚೊಂಬು ನೀರು ಬಿಡಿ. ಊರಿಗೆ ಹೋಗುವುದಿದ್ದರೆ ಕೊನೆಗೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ. ನೀರಿನ ಮೇಲೆ ಎಣ್ಣೆ ತೇಲಿಕೊಂಡು ಅದು ಬೇಗ ಆರದ ಹಾಗೆ ನೋಡಿಕೊಳ್ಳುತ್ತದೆ.

ಟಬ್ಬಿನ ಪಕ್ಕದ ಆ ಸಣ್ಣ ಬಾಗಿಲಿಗೆ ಟೈಲ್ಸ್ ಹಾಕಿ ಮುಚ್ಚೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ, ‘ನೋಡೋಕೆ ಚಂದ’ ಅಂತ. ಬೇಡ ಅನ್ನಿ. ಒಂದೂವರೆ ಅಡಿಗಿಂತ ಚಿಕ್ಕದಿದ್ದರೆ ಈಗಲೇ ದೊಡ್ಡದು ಮಾಡಿಸಿ. ಕಾಂಕ್ರೀಟ್ ಹಾಕುವ ಮುಂಚೆ ಗುಂಡಿಯ ಪಕ್ಕ ಟೇಪು ಹಿಡಿದು, ಪೈಪು ಯಾವ ಕಡೆ ತಿರುಗಿದೆ ಅಂತ ಕಾಣುವ ಹಾಗೆ ಎರಡು ಫೋಟೋ ತೆಗೆದು ಮಗನಿಗೂ ಕಳಿಸಿಡಿ. ಹತ್ತು ವರ್ಷದ ಮೇಲೆ ಬೇರೆ ಪ್ಲಂಬರ್ ಬಂದಾಗ ಎಲ್ಲಿ ಒಡೆಯಬೇಕು ಅಂತ ಕೇಳುತ್ತಾರೆ. ಆಗ ಅದನ್ನು ತೋರಿಸಿದರೆ ಸಾಕು.